ಮಾತ್ರೆ ಬಿಡೋ ಮುಂಚೆ ಬಂದು ಹೇಳಿ

ಕೇಳುಗರಿಗೆ ನಮಸ್ಕಾರ. ಎಚ್‌ಐವಿ ಇರುವವರಿಗೆ ಟಿ.ಬಿ. ಬಂದರೆ ಎರಡಕ್ಕೂ ಮಾತ್ರೆ ನುಂಗಬೇಕು. ಟಿ.ಬಿ.ಗೆ ಸಾಮಾನ್ಯವಾಗಿ 6 ತಿಂಗಳು, ಎಚ್‌ಐವಿಗೆ ಜೀವನಪೂರ್ತಿ. ಇಷ್ಟು ಮಾತ್ರೆ ಹೊಟ್ಟೆಗೆ ಬಿದ್ದರೆ ಏನಾದರೂ ತೊಂದರೆ ಆಗಬಹುದು ಅಲ್ವಾ? ಆದರೆ ನೀವಾಗೇ ಬಿಡಬೇಡಿ, ಬಂದು ಹೇಳಿ. ಇವತ್ತು ನಾನು ಹೇಳೋದು ಇದೊಂದೇ ಮಾತು.

ಎಚ್‌ಐವಿಗೆ ಮಾತ್ರೆ ಕೊಡೋ ನಮ್ಮ ಎಆರ್‌ಟಿ ಕೇಂದ್ರಕ್ಕೆ ಒಬ್ಬ ಹೆಂಗಸು ಬರುತ್ತಿದ್ದರು. ಹೂ ಕಟ್ಟಿ ಮಾರುವವರು. ಟಿ.ಬಿ. ಮಾತ್ರೆ ಶುರುವಾದ ಮಾರನೇ ದಿನವೇ ಓಡಿ ಬಂದರು. "ಮೂತ್ರದಲ್ಲಿ ರಕ್ತ ಹೋಗ್ತಿದೆ ಡಾಕ್ಟ್ರೇ." ರಕ್ತ ಅಲ್ಲಮ್ಮ, ರಿಫಾಂಪಿಸಿನ್ ಮಾತ್ರೆಯ ಕಿತ್ತಳೆ ಬಣ್ಣ ಅಂದೆ. ಸಮಾಧಾನವಾಗಿ ಹೋದರು.

ಎರಡು ತಿಂಗಳಿಗೆ ಅಂಗಾಲು ಜುಮುಜುಮು ಅನ್ನತೊಡಗಿತು. ರಾತ್ರಿ ಉರಿ. ಈ ಸಲ ಬಂದು ಹೇಳಲಿಲ್ಲ. ಇದೂ ಏನೂ ಅಲ್ಲ ಅಂತಾರೆ ಅಂದುಕೊಂಡರಂತೆ. ಒಂದು ದಿನ ಬಸ್ ಇಳಿದು ಮನೆಗೆ ಹೋಗಿ ನೋಡಿದರೆ ಎಡಗಾಲಲ್ಲಿ ಚಪ್ಪಲಿ ಇಲ್ಲ! ಎಲ್ಲಿ ಕಳಚಿತೋ ಗೊತ್ತೇ ಆಗಿಲ್ಲ. ಕಾಲಿಗೆ ಗಾಜು ಚುಚ್ಚಿದ್ದೂ ಗೊತ್ತಾಗಿಲ್ಲ. ಹೆದರಿ ಟಿ.ಬಿ. ಮಾತ್ರೆಯನ್ನೇ ಬಿಟ್ಟುಬಿಟ್ಟರು. ಹತ್ತು ದಿನ! ಜ್ವರ ಮತ್ತೆ ಏರಿದ ಮೇಲೆ ಬಂದರು.

ಕಾಲಿನ ಸ್ಪರ್ಶ ಹೋಗಿದ್ದು ಟಿ.ಬಿ.ಯ ಐಸೋನಿಯಾಜಿಡ್ ಮಾತ್ರೆಯ ಕೆಲಸ. ಅದು ಮೈಯಲ್ಲಿರೋ ಬಿ6 ವಿಟಮಿನ್ ಕಡಿಮೆ ಮಾಡುತ್ತೆ, ನರಗಳು ಸೊರಗುತ್ತವೆ. ಎಚ್‌ಐವಿ ಇದ್ದರೆ ಇನ್ನೂ ಜಾಸ್ತಿ. ಅದಕ್ಕೇ ಜೊತೆಗೆ ಪಿರಿಡಾಕ್ಸಿನ್ ಅನ್ನೋ ಸಣ್ಣ ಮಾತ್ರೆ ಕೊಡೋದು. ಅದೆಲ್ಲಮ್ಮಾ ಅಂದೆ. ಎಲೆಅಡಿಕೆ ಚೀಲದಿಂದ ತೆಗೆದರು. ಒಂದು ಪಟ್ಟಿಯೂ ಒಡೆದಿರಲಿಲ್ಲ. "ಬರೀ ಶಕ್ತಿ ಮಾತ್ರೆ ಅಲ್ವಾ, ಸುಮ್ನೆ ಯಾಕೆ ಅಂತ ಬಿಟ್ಟೆ." ಅವತ್ತು ನನಗೆ ನಿಜಕ್ಕೂ ಸಂಕಟವಾಯಿತು. ಆ ಮಾತ್ರೆಯ ಡೋಸ್ ಹೆಚ್ಚಿಸಿದೆವು, ಟಿ.ಬಿ. ಮಾತ್ರೆ ಮತ್ತೆ ಶುರು ಮಾಡಿದೆವು. ಕಾಲಿಗೆ ಸ್ಪರ್ಶ ಮರಳೋಕೆ ತಿಂಗಳುಗಳೇ ಹಿಡಿದವು.

ಸಮಯ ಆಗ್ತಾ ಬಂತು, ಉಳಿದದ್ದು ಬೇಗ ಹೇಳ್ತೀನಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಲಿವರ್‌ಗೆ ಪೆಟ್ಟು ಬಿದ್ದಿರಬಹುದು. ಕೆಂಪು ಹಸಿರು ಬಣ್ಣ ಗುರುತು ಸಿಗದಿದ್ದರೆ, ಕಣ್ಣು ಮಂಜಾದರೆ ಅದು ಎಥಾಂಬುಟಾಲ್ ಅನ್ನೋ ಟಿ.ಬಿ. ಮಾತ್ರೆಯಿಂದ ಇರಬಹುದು. ಇವೆರಡಕ್ಕೂ ಕಾಯಬೇಡಿ. ಮುಂದಿನ ಡೋಸ್ ನುಂಗೋ ಮುಂಚೆ, ಅವತ್ತೇ ಬನ್ನಿ. ಯಾವ ಮಾತ್ರೆ ನಿಲ್ಲಿಸಬೇಕು ಅಂತ ಡಾಕ್ಟರ್ ನೋಡಿ ಹೇಳ್ತಾರೆ.

ಇನ್ನೊಂದು. ರಿಫಾಂಪಿಸಿನ್ ಇದ್ದಾಗ ಎಚ್‌ಐವಿಯ ಡೊಲುಟೆಗ್ರಾವಿರ್ ಮಾತ್ರೆ ಮೈಯಲ್ಲಿ ಬೇಗ ಕರಗಿಹೋಗುತ್ತೆ. ಅದಕ್ಕೇ 12 ಗಂಟೆ ಬಿಟ್ಟು ಡೊಲುಟೆಗ್ರಾವಿರ್ ಇನ್ನೊಂದು ಕೊಡ್ತೀವಿ. ಟಿ.ಬಿ. ಮಾತ್ರೆ ಮುಗಿದ ಮೇಲೂ ಎರಡು ವಾರ ಆ ಎರಡನೇ ಡೊಲುಟೆಗ್ರಾವಿರ್ ಮಾತ್ರೆ ಬಿಡಬೇಡಿ. ಬರೋಕೆ ಆಗದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ನಮಸ್ಕಾರ.