ಇಂಕ್ ಟ್ಯಾಂಕಾ, ಲೇಸರಾ? ತುಮಕೂರಲ್ಲಿ ಪ್ರಿಂಟರ್ ತಗೊಳ್ಳೋರಿಗೆ

ನಮಸ್ಕಾರ, ಬಿ.ಎಚ್. ರಸ್ತೆಯಲ್ಲಿದ್ದೀವಿ, ಹಾರ್ನ್ ಸದ್ದು ಸ್ವಲ್ಪ ಸಹಿಸ್ಕೊಳ್ಳಿ. ಪ್ರಿಂಟರ್ ಅಂಗಡಿ ಮೆಟ್ಟಿಲು ಹತ್ತೋ ಮುಂಚೆ ಒಂದು ಲೆಕ್ಕ ಹಾಕಿ: ವಾರಕ್ಕೆ ಎಷ್ಟು ಹಾಳೆ ತೆಗೀತೀರಿ? ಬೆಲೆ ಆಮೇಲೆ. ಯಾವಾಗ್ಲೋ ಒಂದ್ಸಲ ಹಾಲ್ ಟಿಕೆಟ್ಟೋ ಪಹಣಿಯೋ ತೆಗೆಯೋರು ಕಣ್ಮುಚ್ಚಿ ಕಪ್ಪು-ಬಿಳುಪು ಲೇಸರ್ ತಗೊಳ್ಳಿ. ಟೋನರ್ ಅಂದ್ರೆ ಒಣ ಪುಡಿ, ತಿಂಗಳುಗಟ್ಟಲೆ ಮುಟ್ಟದಿದ್ರೂ ಒಣಗೋಕೆ ಅದರಲ್ಲೇನೂ ಇಲ್ಲ. ಇಂಕ್ ಹಾಗಲ್ಲ. ಇಂಕ್ ಚಿಮ್ಮಿಸೋ ಹೆಡ್‌ನಲ್ಲಿರೋ ತೂತುಗಳು ಕೂದಲೆಳೆಗಿಂತ ಸಣ್ಣ. ಏಪ್ರಿಲ್ ಬಿಸಿಲಲ್ಲಿ ವಾರಗಟ್ಟಲೆ ಸುಮ್ನೆ ಬಿಟ್ರೆ ಕಟ್ಕೊಳ್ಳುತ್ತೆ.

ಈ ಡಬ್ಬಿ ನೋಡಿ, 12ಎ ಟೋನರ್, 2000 ಪುಟ ಅಂತ ಲೆಕ್ಕ. ಹಾಳೆ ಮೇಲೆ ಶೇ 5ರಷ್ಟು ಜಾಗಕ್ಕೆ ಮಾತ್ರ ಕಪ್ಪು ಬಿದ್ರೆ ಆ ಲೆಕ್ಕ. ಮುಚ್ಚಳ ತೆಗೆದಿಟ್ಟು ಆಧಾರ್ ಜೆರಾಕ್ಸ್ ಮಾಡಿ ಸುತ್ತ ಪೂರ್ತಿ ಕಪ್ಪು ಬಂತೋ, ಪುಡಿ ಅಲ್ಲೇ ಖಾಲಿ. ಮುಚ್ಚಿ ಮಾಡಿ.

ಅಲ್ಲಿ ಮೂಲೇಲಿ ಡಾಟ್ ಮ್ಯಾಟ್ರಿಕ್ಸ್ ಕಾಣ್ತಿದೆಯಲ್ಲ, ಹಳೇದು ಅಂತ ಮೂಗು ಮುರೀಬೇಡಿ. ತಿಪಟೂರಿನ ಕೊಬ್ಬರಿ ಮಂಡಿಯವರಿಗೆ ಒಂದೇ ಏಟಿಗೆ ಮೂರು ಪ್ರತಿ ಬಿಲ್ ಬೇಕು ಅಂದ್ರೆ ಇದೇ ಗತಿ. ಪಿನ್ನು ಕಾಗದಕ್ಕೆ ಗುದ್ದುತ್ತೆ, ಕೆಳಗಿನ ಕಾರ್ಬನ್ ಪ್ರತಿಗೂ ಅಕ್ಷರ ಮೂಡುತ್ತೆ. ಲೇಸರ್, ಇಂಕ್ ಎರಡೂ ಕಾಗದಕ್ಕೆ ಗುದ್ದೋದೇ ಇಲ್ಲ. ಸರಿ, ಇಂಕ್ ಟ್ಯಾಂಕ್ ಕಡೆ ಬನ್ನಿ, ಅಂದ್ರೆ ಬಾಟಲಿಯಿಂದ ಇಂಕ್ ಸುರಿದು ತುಂಬೋ ಪ್ರಿಂಟರ್.

ಕಣ್ಮುಚ್ಚಿ ಲೇಸರ್ ಅಂದೆ. ಸ್ಕೂಲ್ ಮಕ್ಕಳಿರೋ ಮನೆಗೆ ಆ ಮಾತು ವಾಪಸ್. ವಾರಾವಾರ ಬಣ್ಣದ ಪ್ರಾಜೆಕ್ಟ್ ಇದ್ರೆ ಇಂಕ್ ಟ್ಯಾಂಕೇ ಸರಿ, ತೂತು ಕಟ್ಟೋಕೆ ಪುರುಸೊತ್ತೇ ಸಿಗಲ್ಲ. ಎಪ್ಸನ್ 003 ಕಪ್ಪು ಬಾಟಲಿ 65 ಎಂಎಲ್, 4500 ಪುಟ ಅಂತಾರೆ. ಆದ್ರೆ ಅದು ಡೈ ಇಂಕ್, ಅಂದ್ರೆ ನೀರಲ್ಲಿ ಕರಗೋ ಬಣ್ಣ, ಒದ್ದೆ ಕೈ ತಾಗಿದ್ರೆ ಹರಡುತ್ತೆ. ಆಫೀಸ್ ಕಾಗದಪತ್ರಕ್ಕೆ ಪಿಗ್ಮೆಂಟ್ ಕಪ್ಪು, ಅಂದ್ರೆ ನೀರಿಗೆ ಸುಲಭಕ್ಕೆ ಹರಡದ ಇಂಕ್ ಇರೋ ಮಾಡೆಲ್ ಕೇಳಿ.

ಈಗ ನನಗೆ ಸಿಟ್ಟು ಬರಿಸೋ ವಿಷ್ಯ. "ಇಂಕ್ ತುಂಬಿ, ಟೆಸ್ಟ್ ಪ್ರಿಂಟ್ ತೆಗ್ದು ಕೊಡ್ತೀವಿ ಸರ್" ಅಂತಾರೆ. ಬೇಡವೇ ಬೇಡ ಅನ್ನಿ! ತುಂಬಿದ ಟ್ಯಾಂಕನ್ನ ಸ್ಕೂಟರಿನ ಕಾಲ ಹತ್ರ ಓರೆಯಾಗಿ ಇಟ್ಕೊಂಡು, ಹಂಪ್ ಮೇಲೆ ಹಂಪ್ ಹಾರಿಸಿದ್ರೆ ಇಂಕ್ ಒಳಗೇ ಸೋರುತ್ತೆ. ಒಳಗೊಂದು ತೆಳು ಪ್ಲಾಸ್ಟಿಕ್ ಪಟ್ಟಿ ಇದೆ, ಎನ್‌ಕೋಡರ್ ಸ್ಟ್ರಿಪ್ ಅಂತ. ಹೆಡ್ ಎಲ್ಲಿದೆ ಅನ್ನೋದನ್ನ ಯಂತ್ರ ಓದೋದೇ ಅದರಿಂದ. ಅದರ ಮೇಲೆ ಇಂಕ್ ಬಿದ್ರೆ ಹೆಡ್ ದಾರಿ ತಪ್ಪಿ ಪಕ್ಕಕ್ಕೆ ಬಡಿಯುತ್ತೆ, ಎರರ್ ಬಂದು ನಿಲ್ಲುತ್ತೆ. ಟ್ಯಾಂಕಿಂದ ಹೆಡ್‌ಗೆ ಇಂಕ್ ಒಯ್ಯೋ ಟ್ಯೂಬಿಗೆ ಗಾಳಿ ಹೊಕ್ಕರೆ ಬಣ್ಣ ಸಾಲು ಮಧ್ಯದಲ್ಲೇ ಕಡಿಯುತ್ತೆ. ಹೊಸ ಯಂತ್ರ ಮೊದಲ ದಿನವೇ ರಿಪೇರಿಗೆ! ಬಾಟಲಿ ಸೀಲ್ ಹಾಗೇ ಇರ್ಲಿ. ಮನೇಲಿ ಸಮತಟ್ಟಾದ ಟೇಬಲ್ ಮೇಲಿಟ್ಟು ತುಂಬಿ.

ಮೊದಲ ಸಲ ಟ್ಯೂಬ್ ತುಂಬೋಕೆ 10-20 ನಿಮಿಷ ಬೇಕು, ಆ ಹೊತ್ತಲ್ಲಿ ಕರೆಂಟ್ ಹೋಗ್ಬಾರ್ದು. ಬೆಸ್ಕಾಂ ಲೈನ್ ಕೆಲಸ ಇರೋ ದಿನ ಬಿಡಿ, ಇಲ್ಲಾ ಇನ್ವರ್ಟರಿಗೆ ಹಾಕಿ. ಇಂಕ್ ಟ್ಯಾಂಕ್ ಎಳೆಯೋದು ಸುಮಾರು 15 ವ್ಯಾಟ್. ಲೇಸರ್ ಮಾತ್ರ ಸಣ್ಣ ಇನ್ವರ್ಟರಿಗೆ ಹಾಕ್ಲೇಬೇಡಿ. ಪುಡಿಯನ್ನ ಕಾಗದಕ್ಕೆ ಕರಗಿಸಿ ಅಂಟಿಸೋ ಅದರ ಫ್ಯೂಸರ್ ಸುಮಾರು 200 ಡಿಗ್ರಿಗೆ ಕಾಯೋವಾಗ ಇಸ್ತ್ರಿಪೆಟ್ಟಿಗೆಯಷ್ಟು ಕರೆಂಟ್ ಎಳೆಯುತ್ತೆ.

ಗೋಡೆ ಸ್ವಿಚ್ಚಲ್ಲಿ ಆಫ್ ಮಾಡ್ಬೇಡಿ, ಪ್ರಿಂಟರ್ ಗುಂಡಿ ಒತ್ತಿ. ಆಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳ ಹಾಕ್ಕೊಂಡು ಕೂರುತ್ತೆ, ಒಣಗಲ್ಲ. ಅಕ್ಷರದಲ್ಲಿ ಬಿಳಿ ಗೆರೆ ಬಂದ್ರೆ ಮೊದಲು ನಾಝಲ್ ಚೆಕ್, ಅಂದ್ರೆ ಯಾವ ತೂತು ಕಟ್ಟಿದೆ ಅಂತ ತೋರಿಸೋ ಪ್ರಿಂಟ್, ಆಮೇಲೆ ಹೆಡ್ ಕ್ಲೀನಿಂಗ್. ಮೂರು ಸಲ ಮಾಡಿದ್ರೂ ಹೋಗ್ಲಿಲ್ಲ ಅಂದ್ರೆ 12 ಗಂಟೆ ಹಾಗೇ ಬಿಟ್ಟು ಮತ್ತೆ ನೋಡಿ. ಸುಮ್ನೆ ಒತ್ತುತ್ತಾ ಕೂತ್ರೆ ದುಡ್ಡು ಕೊಟ್ಟ ಇಂಕೆಲ್ಲ ಒಳಗೆ ಇಂಕ್ ಹೀರೋ ವೇಸ್ಟ್ ಪ್ಯಾಡಿಗೆ ಹೋಗುತ್ತೆ, ಪ್ಯಾಡ್ ತುಂಬಿದ್ರೆ ಪ್ರಿಂಟರೇ ನಿಲ್ಲುತ್ತೆ.

ಕ್ಯಾಮೆರಾ ಬ್ಯಾಟರಿ ಕೆಂಪಾಯ್ತು, ಪೇಪರ್ ವಿಷ್ಯ ಬೇಗ ಹೇಳ್ಬಿಡ್ತೀನಿ. ಜಿಎಸ್‌ಎಂ ಅಂದ್ರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. 75 ಜಿಎಸ್‌ಎಂ ಎ4, 500 ಹಾಳೆಯ ಕಟ್ಟು 2.34 ಕೆಜಿ ತೂಗಬೇಕು. 2.18 ಬಂದ್ರೆ ಅದು 70 ಜಿಎಸ್‌ಎಂ, ಇಲ್ಲಾ ಹಾಳೆ ಕಮ್ಮಿ. ಪಕ್ಕದ ದಿನಸಿ ಅಂಗಡಿಯ ತಕ್ಕಡೀಲಿ ಇಟ್ಟು ನೋಡಿ ತಗೊಳ್ಳಿ.