ಕ್ರೂಸ್ ಹಡಗು ಎಷ್ಟು ತುಂಬಿದೆ? ದುಡ್ಡು ಕಟ್ಟುವ ಮೊದಲೇ ನೋಡೋಣ

ನಮಸ್ಕಾರ. ಪರದೆಯ ಮೇಲಿರುವುದು ಕ್ರೂಸ್ ಬುಕಿಂಗ್ ಪುಟ. ಮಯಾಮಿಯಿಂದ ಹೊರಟು ಏಳು ರಾತ್ರಿ. ಶಿವಮೊಗ್ಗದಿಂದ ಬಂದಿರುವ ನಮ್ಮ ಅತ್ತೆಯೂ ಜೊತೆಗಿರುತ್ತಾರೆ. ಅವರಿಗೆ ಮಂಡಿನೋವು, ಲಿಫ್ಟ್ ಮುಂದೆ ಬಹಳ ಹೊತ್ತು ನಿಲ್ಲಲಾರರು. ಹಾಗಾಗಿ ಬಾಲ್ಕನಿ, ಊಟ ಎಲ್ಲ ಆಮೇಲೆ. ಹಡಗಿನಲ್ಲಿ ಎಷ್ಟು ಜನ ಇರುತ್ತಾರೆ ಎಂಬುದು ಮೊದಲು ಗೊತ್ತಾಗಬೇಕು.

ನೂರಕ್ಕೆ ನೂರು ಭರ್ತಿ ಎಂದರೆ ಹಡಗು ಪೂರ್ತಿ ತುಂಬಿತು ಎಂದಲ್ಲ. ಇಲ್ಲಿ ಲೆಕ್ಕ ಕೋಣೆಗೆ ಇಬ್ಬರಂತೆ. ಮೂರನೆಯ, ನಾಲ್ಕನೆಯ ಹಾಸಿಗೆಗೂ ಜನ ಬಂದರೆ ಸಂಖ್ಯೆ ನೂರು ದಾಟುತ್ತದೆ. 2024ರಲ್ಲಿ ಇದೇ ಮಯಾಮಿಯಿಂದ ಯಾನ ಆರಂಭಿಸಿದ ಐಕಾನ್ ಆಫ್ ದಿ ಸೀಸ್ ಹಡಗಿಗೆ ಇಬ್ಬರ ಲೆಕ್ಕದಲ್ಲಿ 5,610 ಜನ, ಎಲ್ಲ ಹಾಸಿಗೆ ತುಂಬಿದರೆ ಸುಮಾರು 7,600. ನಡುವಿನ ಆ ಎರಡು ಸಾವಿರ ಜನ ಬರುತ್ತಾರೋ ಇಲ್ಲವೋ ಎಂಬುದೇ ನನ್ನ ಪ್ರಶ್ನೆ.

ಈಗ ನೋಡಿ, ಇಬ್ಬರು ಎಂದು ಹಾಕಿದೆ, ಬೇಕಾದಷ್ಟು ಕೋಣೆಗಳಿವೆ. ನಾಲ್ವರು ಎಂದು ಬದಲಿಸಿದೆ, ಹೆಚ್ಚಿನವು ಮಾಯ. ಮಕ್ಕಳಿರುವ ಕುಟುಂಬಗಳು ಆಗಲೇ ಹಿಡಿದುಕೊಂಡಿರಬಹುದು. ನಾಲ್ವರ ಕೋಣೆಗಳು ಎಲ್ಲ ಹಡಗಿನಲ್ಲೂ ಕಡಿಮೆಯೇ, ಆದ್ದರಿಂದ ಅದೇ ಹಡಗಿನ ಬೇರೆ ವಾರವನ್ನೂ ತೆರೆದು ಹೋಲಿಸಬೇಕು. ಖಾಲಿ ಕೋಣೆಗಳ ಪಟ್ಟಿಯೊಂದನ್ನೇ ನಂಬಬೇಡಿ. ಕೋಣೆಯ ಸಂಖ್ಯೆ ಗೊತ್ತಾಗದೆಯೇ ಕಡಿಮೆ ದರಕ್ಕೆ ದುಡ್ಡು ಕಟ್ಟಿದವರು ಆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ.

ಇನ್ನು ಈ ದೊಡ್ಡಕ್ಷರದ ಜಾಹೀರಾತು: "ಮಕ್ಕಳಿಗೆ ಉಚಿತ". ನನಗೆ ಕೋಪ ಬರುವುದೇ ಇಲ್ಲಿ. ಮಕ್ಕಳ ಹೆಸರು ಸೇರಿಸಿ ಮುಂದಿನ ಪುಟಕ್ಕೆ ಹೋದೆ. ತೆರಿಗೆ ಬಂತು, ಬಂದರು ಶುಲ್ಕ ಬಂತು, ದಿನಕ್ಕಿಷ್ಟೆಂದು ಸಿಬ್ಬಂದಿಯ ಟಿಪ್ಸ್ ಬಂತು. ಟಿಪ್ಸ್ ಮಗುವಿಗೂ ದೊಡ್ಡವರಷ್ಟೇ! ಸಿಬ್ಬಂದಿ ದುಡಿಯುತ್ತಾರೆ, ಅವರಿಗೆ ಕೊಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅದನ್ನು ಉಚಿತ ಎಂದು ಕರೆಯಬೇಡಿ. ಇದು ಜನರಿಗೆ ಮಾಡುವ ಮೋಸ ಎಂದೇ ನಾನು ಹೇಳುತ್ತೇನೆ.

ಒಂದು ನಿಮಿಷ, ಕೆಳಗಿನ ಸಣ್ಣಕ್ಷರ ಓದಿ. ಕ್ರಿಸ್‌ಮಸ್, ಮಾರ್ಚ್ ತಿಂಗಳ ಶಾಲಾ ರಜೆ, ಬೇಸಿಗೆ: ಈ ದಿನಗಳಿಗೆ ರಿಯಾಯಿತಿ ಅನ್ವಯಿಸುವುದಿಲ್ಲ. ಅಂದರೆ ರಿಯಾಯಿತಿ ಕೊಡದೆಯೂ ಹಡಗು ತುಂಬುವ ದಿನಗಳು ಯಾವುವು ಎಂದು ಕಂಪನಿಯೇ ಬರೆದು ಕೊಟ್ಟಿದೆ! ಮೋಸ ಎಂದೆನಲ್ಲ, ಇಡೀ ಪುಟದಲ್ಲಿ ಇದಕ್ಕಿಂತ ಉಪಯೋಗದ ಸಾಲು ಇನ್ನೊಂದಿಲ್ಲ.

ಇದು ಮಯಾಮಿ ಬೀಚಿನ ಸೌತ್ ಪಾಯಿಂಟ್ ಪಾರ್ಕ್. ಬಂದರಿನಿಂದ ಹೊರಡುವ ಹಡಗುಗಳು ಈ ಕಾಲುವೆಯಲ್ಲಿ ಎಷ್ಟು ಹತ್ತಿರ ಹಾದುಹೋಗುತ್ತವೆ ಎಂದರೆ, ಮೇಲಿನವರು ಕೈ ಬೀಸುವುದು ಕಾಣುತ್ತದೆ. ಅತ್ತೆಯೂ ಬೀಸುತ್ತಿದ್ದಾರೆ ನೋಡಿ. ಸಂಜೆ ಹೊತ್ತು ಇಲ್ಲಿನ ಗಾಳಿ ಬಹಳ ಚೆನ್ನಾಗಿರುತ್ತದೆ, ಕಾರು ನಿಲ್ಲಿಸಲು ಜಾಗ ಸಿಗುವುದೇ ಕಷ್ಟ.

ಹಡಗು ದಾಟಿತು, ವಿಷಯಕ್ಕೆ ಬರುತ್ತೇನೆ. ಪೂರ್ತಿ ಹಣ ಕಟ್ಟುವ ಗಡುವು ಸಾಮಾನ್ಯವಾಗಿ ಯಾನಕ್ಕೆ ಸುಮಾರು ಮೂರು ತಿಂಗಳು ಮೊದಲು ಬರುತ್ತದೆ. ಬೇಡವೆನ್ನುವವರು ಆ ಹೊತ್ತಿಗೆ ರದ್ದು ಮಾಡುತ್ತಾರೆ, ಕೋಣೆಗಳು ಮತ್ತೆ ಪಟ್ಟಿಗೆ ಬರುತ್ತವೆ. ಗಡುವು ಕಳೆದ ಮೇಲೆ ಇನ್ನೊಮ್ಮೆ ನೋಡಿದರೆ ನಿಜವಾದ ಚಿತ್ರ ಸಿಗುತ್ತದೆ.

ನಾನು ಆರಿಸಿದ್ದು ಥ್ಯಾಂಕ್ಸ್‌ಗಿವಿಂಗ್, ಅಂದರೆ ನವೆಂಬರ್ ಕೊನೆಯಲ್ಲಿ ಬರುವ ಅಮೆರಿಕದ ಹಬ್ಬ, ಮುಗಿದ ನಂತರದ ವಾರ. ನಾಲ್ವರ ಕೋಣೆಗಳೂ ಇನ್ನೂ ಸಾಕಷ್ಟಿವೆ, ಲಿಫ್ಟಿಗೆ ಹತ್ತಿರದ್ದೇ ಸಿಕ್ಕಿದೆ. ಪಾಸ್‌ಪೋರ್ಟ್ ವಿವರ ತುಂಬುವ ಪುಟ ಬಂತು, ಕ್ಯಾಮೆರಾ ನಿಲ್ಲಿಸುತ್ತೇನೆ.