ಕೈಗೆ ಕೊಟ್ಟ ಉಪ್ಪು

ಕೇಳುಗರಿಗೆಲ್ಲ ನಮಸ್ಕಾರ.

ಬೇಸಿಗೆ ರಜೆ ಮುಗಿಯುತ್ತಾ ಬಂತು. ಇನ್ನೇನು ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸ ಶುರುವಾಗುತ್ತದೆ. ಅದಕ್ಕೆ ಮೊದಲು, ಈ ಮೇ ತಿಂಗಳ ಮೊದಲ ವಾರ ನಾವು ಮೂರು ಜನ ಉತ್ತರ ಕನ್ನಡಕ್ಕೆ ಹೋಗಿ ಬಂದ ಕತೆ ಹೇಳಿಬಿಡುತ್ತೇನೆ. ಮೂರು ಜನ ಅಂದರೆ ನಾನು, ನನ್ನ ಅವ್ವ, ನನ್ನ ಮಗಳು. ಹೆಂಡತಿಗೆ ರಜೆ ಸಿಗಲಿಲ್ಲ. ನೋಡಲೇಬೇಕಾದ ಜಾಗಗಳ ಪಟ್ಟಿ ಬೇಕು ಅನ್ನುವವರು ಈಗಲೇ ರೇಡಿಯೋ ದನಿ ಸಣ್ಣ ಮಾಡಿಕೊಳ್ಳಬಹುದು. ನಾವು ಅಲ್ಲಿ ಜಾಸ್ತಿ ಏನೂ ನೋಡಲಿಲ್ಲ.

ಅವ್ವನಿಗೆ ಎಪ್ಪತ್ತೆರಡು. ಮದ್ದೂರಿನ ಹತ್ತಿರದ ಹಳ್ಳಿ. ವಿ.ಸಿ. ನಾಲೆಯ ನೀರು, ಕಬ್ಬು, ಭತ್ತ, ಎರಡು ಎಮ್ಮೆ, ಇಷ್ಟರಲ್ಲೇ ಆಯುಷ್ಯ ಕಳೆದವಳು. ಕಡಲು ನೋಡಿರಲಿಲ್ಲ. "ಕಾಶಿಗಂತೂ ಹೋಗಕ್ಕಾಗಲ್ಲ, ಗೋಕರ್ಣನಾದ್ರೂ ತೋರ್ಸಪ್ಪ" ಅಂತ ಮೂರು ವರ್ಷದಿಂದ ಹೇಳುತ್ತಿದ್ದಳು, ನಾನು ಮೂರು ವರ್ಷದಿಂದ ಹೂಂ ಅನ್ನುತ್ತಿದ್ದೆ.

ಬೆಂಗಳೂರಿನಿಂದ ಕಾರವಾರದ ಕಡೆ ಹೋಗುವ ರಾತ್ರಿ ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, ಅದರಲ್ಲಿ 57 ಸುರಂಗ. ಎಲ್ಲವನ್ನೂ ಎಣಿಸುತ್ತೇನೆ ಅಂತ ಮಗಳು ಕಿಟಕಿ ಪಕ್ಕ ಕೂತಳು. ಹಾಸನ ಬರುವುದಕ್ಕೆ ಮೊದಲೇ ನಿದ್ದೆ. ನಾನೂ ಮಲಗಿದೆ. ಬೆಳಗ್ಗೆ ಎದ್ದಾಗ ಅವ್ವ ಹೇಳಿದಳು, "ನಲವತ್ತರವರ್ಗೂ ಎಣ್ಸಿದೆ ಕಣವ್ವ, ಆಮೇಲೆ ಲೆಕ್ಕ ತಪ್ಪೋಯ್ತು." ಕತ್ತಲಲ್ಲಿ ಹೇಗೆ ಎಣಿಸಿದೆ ಅಂದರೆ, ಒಳಗೆ ಹೊಕ್ಕಾಗ ಸದ್ದು ಬೇರೆಯಂತೆ, ಹೊರಗೆ ಬಂದಾಗ ಬೇರೆಯಂತೆ, ಗಾಳಿಯೂ ಬೇರೆಯಂತೆ.

ಗೋಕರ್ಣ ತಲುಪಿದ ಮೇಲೆ ಮೊದಲ ಎಡವಟ್ಟು. ಫೋನಿನಲ್ಲಿ ದುಡ್ಡು ಕಟ್ಟಿ ಕಾದಿರಿಸಿದ್ದ ರೂಮು ಅಲ್ಲಿ ಇರಲೇ ಇಲ್ಲ. ಲಾಡ್ಜ್ ಇತ್ತು, ರೂಮು ಇರಲಿಲ್ಲ. ಕೌಂಟರಿನ ಹುಡುಗ ನನ್ನ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಮ್ಮದಲ್ಲ ಸರ್" ಅಂದ. ನಮ್ಮದು ಅಂತ ಅವನ ತಲೆಯ ಮೇಲೇ ಬೋರ್ಡು ನೇತಾಡುತ್ತಿತ್ತು. ಜಗಳ ಆಡಿ ಪ್ರಯೋಜನವಿರಲಿಲ್ಲ. ಆಫೀಸಿನ ಗೆಳೆಯನಿಗೆ ಫೋನ್ ಮಾಡಿದೆ. ಅವನ ಅತ್ತೆಯ ಮನೆ ಅಲ್ಲೇ ಕೆಲವು ಕಿಲೋಮೀಟರ್ ಈಚೆಗೆ. ಆಟೋ ಹಿಡಿದು ಹೋದೆವು.

ಬಾಗಿಲಲ್ಲೇ ಆ ತಾಯಿ ಕೇಳಿದರು, "ಆಸ್ರಿಗೆ ಎಂತ ಕೊಡ್ಲಿ?" ನಾನು ಆಸರೆ ಅಂತ ಕೇಳಿಸಿಕೊಂಡೆ. ರೂಮಿಲ್ಲದೆ ಬಂದವನಲ್ವಾ! "ಎರಡು ರಾತ್ರಿ ಕೊಟ್ಟರೆ ಸಾಕಮ್ಮ" ಅಂದೆ. ಅವರು ನಕ್ಕು, "ಉಳಿಯೂಕೆ ಅಡ್ಡಿಲ್ಲ, ಕುಡಿಯೂಕೆ ಎಂತ ಬೇಕು ಹೇಳಿ" ಅಂದರು. ಆಸರು ಅಂದರೆ ಬಾಯಾರಿಕೆ. ಬಿಸಿಲಲ್ಲಿ ಬಂದವರನ್ನು ಅಲ್ಲಿ ಮೊದಲು ಕೇಳುವುದು ಇದನ್ನೇ. ಕನ್ನಡದಲ್ಲೇ ಹುಟ್ಟಿ ಬೆಳೆದು, ಕನ್ನಡದಲ್ಲೇ ಕಚೇರಿ ಕಡತ ಬರೆಯುವ ನನಗೆ ಈ ಪದ ಗೊತ್ತಿರಲಿಲ್ಲ. ಮುರುಗಲು ಹಣ್ಣಿನ ಕೆಂಪು ಪಾನಕ ಬಂತು. ಆಮೇಲಿನ ಎರಡು ದಿನ ಯಾವುದಕ್ಕೆ ಒಪ್ಪಿಗೆ ಕೇಳಿದರೂ ಒಂದೇ ಉತ್ತರ, ಅಡ್ಡಿಲ್ಲ. ಇನ್ನೊಂದು ದೋಸೆ ಹಾಕಲಾ? ಅಡ್ಡಿಲ್ಲ. ಮಳೆ ಬರಬಹುದಾ? ಬಂದ್ರೂ ಅಡ್ಡಿಲ್ಲ.

ದೋಸೆಯ ಜೊತೆ ಜೋನಿ ಬೆಲ್ಲ ಇಟ್ಟರು. ನೀರಾಗಿರುವ ಬೆಲ್ಲ, ಸೌಟಿನಲ್ಲಿ ಎತ್ತಿ ಸುರಿಯುವಂಥದ್ದು. ಅವ್ವ ಅದನ್ನು ನೋಡಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಪಾಪ, ಪಾಕ ಕೆಟ್ಟೋಗದೆ ಕಣ್ಲಾ. ಹೇಳಕ್ಕೋಗ್ಬೇಡ, ಬೇಜಾರು ಮಾಡ್ಕತಾರೆ." ನಮ್ಮ ಕಡೆ ಆಲೆಮನೆಯಲ್ಲಿ ಅಚ್ಚು ಕಟ್ಟದ ಬೆಲ್ಲ ಅಂದರೆ ಅದು ಅವಮಾನ. ಇಲ್ಲಿ ಬೇಕೆಂದೇ ಹಾಗೆ ಇಳಿಸುತ್ತಾರೆ. ಗೊತ್ತಾದ ಮೇಲೆ ಅವ್ವ ಮೂರು ದೋಸೆ ಜಾಸ್ತಿ ತಿಂದಳು.

ದೇವಸ್ಥಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಹಾಬಲೇಶ್ವರನ ದರ್ಶನ ಆಯಿತು, ರಾವಣನ ಕೈಯಿಂದ ಲಿಂಗ ಇಳಿಸಿಕೊಂಡ ಗಣಪತಿಯನ್ನೂ ನೋಡಿದೆವು. ಕಡಲ ಮುಂದೆ ಅವ್ವ ಏನಾದರೂ ದೊಡ್ಡ ಮಾತು ಆಡುತ್ತಾಳೆ ಅಂತ ಮಗಳು ಫೋನ್ ಹಿಡಿದು ರೆಕಾರ್ಡ್ ಮಾಡುತ್ತಾ ನಿಂತಿದ್ದಳು. ಅವ್ವ ಐದು ನಿಮಿಷ ನೋಡಿ, "ಸದ್ದು ಜಾಸ್ತಿ" ಅಂದಳು. ಅಷ್ಟೇ.

ಮಾರನೇ ದಿನ ಅಘನಾಶಿನಿ ನದಿ ಕಡಲು ಸೇರುವ ಕಡೆ ದೋಣಿಯಲ್ಲಿ ಒಂದು ಸುತ್ತು ಹೋಗೋಣ ಅಂತ ಹೊರಟೆವು. ದಡದಲ್ಲಿ ಒಂದು ದೋಣಿ ಇತ್ತು, ಕೆಸರಲ್ಲಿ ಕೂತಿತ್ತು. ಬಲೆ ಬಿಡಿಸುತ್ತಿದ್ದ ಒಬ್ಬರನ್ನು ಕೇಳಿದೆ. "ಭರತ ಬಂದ ಮೇಲೆ ಹೋಗೂದು" ಅಂದರು. ಸರಿ, ಕಾದೆವು. ಅರ್ಧ ಗಂಟೆ ಆಯಿತು, ಮುಕ್ಕಾಲು ಗಂಟೆ ಆಯಿತು. "ಭರತ ಎಲ್ಲಿಗೆ ಹೋಗಿದಾನೆ? ಫೋನ್ ನಂಬರ್ ಇದ್ಯಾ?" ಅಂತ ಕೇಳಿದೆ. ಅವರು ಬಲೆ ಕೆಳಗಿಟ್ಟು ನನ್ನ ಮುಖ ನೋಡಿದರು. ಭರತ ಅಂದರೆ ಉಬ್ಬರ. ಭರತ, ಇಳಿತ. ಕಡಲ ನೀರು ಏರಿ ಹೊಳೆಯೊಳಗೆ ಬಂದಾಗ ದೋಣಿ ತಾನಾಗಿ ಮೇಲೇಳುತ್ತದೆ. ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಮುಕ್ಕಾಲು ಗಂಟೆಯಷ್ಟು ತಡವಾಗಿ. ಭರತನ ನಂಬರ್ ಕೇಳಿದ ಅಪ್ಪನ ಕತೆಯನ್ನು ಮಗಳು ಆಗಲೇ ಅಮ್ಮನಿಗೆ ಕಳಿಸಿ ಆಗಿತ್ತು.

ಕಾಯುವ ಹೊತ್ತಿನಲ್ಲಿ ಆ ಬಲೆಯವರೇ ಹೇಳಿದ್ದು: ಇಲ್ಲಿ ಸುಮ್ನೆ ಕೂರೋದಕ್ಕಿಂತ ಸಾಣಿಕಟ್ಟಾಕ್ಕೆ ಹೋಗಿ, ಉಪ್ಪು ತೆಗೀತಿದ್ದಾರೆ, ಮಳೆ ಬಂದರೆ ಈ ವರ್ಷದ್ದು ಮುಗೀತು. ದೋಣಿಯ ಆಸೆ ಬಿಟ್ಟು ಅಲ್ಲಿಗೆ ಹೋದೆವು.

ಉಪ್ಪಿನ ಆಗರ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಕಡಲ ದಡದ ಯಾವುದೋ ಫ್ಯಾಕ್ಟರಿ. ಅಲ್ಲಿ ಕಂಡದ್ದು ನೂರಾರು ಎಕರೆ ಚೌಕ ಚೌಕ ನೀರು, ನಡುವೆ ಬದು, ಬದುವಿನ ಮೇಲೆ ಬಿಳಿ ರಾಶಿಗಳು. ಉಪ್ಪು ಮಾಲಕರ ಸಹಕಾರಿ ಸಂಘ ಇದನ್ನು ನಡೆಸುತ್ತದೆ. ಒಳಗೆ ಹೋಗಬಹುದಾ ಅಂತ ಕೇಳಿದ್ದಕ್ಕೆ, ನೀವೇ ಊಹಿಸಿ, ಅಡ್ಡಿಲ್ಲ, ಆದರೆ ಬದುವಿನ ಮೇಲೆ ಮಾತ್ರ ನಡೆಯಿರಿ ಅಂದರು.

ಮಗಳಿಗೆ ವಿವರಿಸಬೇಕು ಅಂತ ಗಂಟಲು ಸರಿ ಮಾಡಿಕೊಂಡೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ, ಹೀಗೆ. ಅಷ್ಟರಲ್ಲಿ ಅವ್ವ ಚಪ್ಪಲಿ ಬಿಟ್ಟು ಬದು ಹತ್ತಿಯಾಗಿತ್ತು. "ಇದು ಗದ್ದೆ ಕಣ್ಲಾ" ಅಂದಳು. "ಅಕೋ ತೂಬು. ಅಲ್ಲಿಂದ ನೀರು ಕಟ್ತಾರೆ."

ನಿಜ. ಭರತ ಬಂದಾಗ ತೂಬು ತೆಗೆದು ನೀರನ್ನು ದೊಡ್ಡ ಕಟ್ಟೆಗೆ ಬಿಟ್ಟುಕೊಳ್ಳುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗೆ ನೀರು ಜೋರು. ಬಿಸಿಲಿಗೆ ಬಿಟ್ಟು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತಾ ಹರಿಸುತ್ತಾ ಗಟ್ಟಿ ಮಾಡುತ್ತಾರೆ. ಕೊನೆಯ ಸಣ್ಣ ಪಾತಿಗಳಲ್ಲಿ ಬೆರಳು ಮುಳುಗುವಷ್ಟು ನೀರು. ಅದರ ನೆಲವನ್ನು ಸೀಸನ್ ಶುರುವಾಗುವ ಮೊದಲೇ ಬಡಿದು, ತುಳಿದು, ಗಾರೆಯ ಹಾಗೆ ಮಾಡಿರುತ್ತಾರೆ, ಇಲ್ಲದಿದ್ದರೆ ಉಪ್ಪಿನ ಜೊತೆ ಮಣ್ಣು ಬರುತ್ತದೆ. ಮೊದಲು ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳಗೆ ಕಟ್ಟುತ್ತದೆ, ಆಮೇಲೆ ಭಾರಕ್ಕೆ ತಳಕ್ಕೆ ಕೂರುತ್ತದೆ.

ಇದನ್ನೆಲ್ಲ ಹೇಳಿದ್ದು ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು, ಹೇಳಿದ್ದು ಅವ್ವನಿಗೆ, ನನಗಲ್ಲ. ಅವರ ಕೈಯಲ್ಲಿ ಉದ್ದ ಕೋಲಿಗೆ ಹಲಗೆ ಹೊಡೆದ ಒಂದು ಸಾಮಾನಿತ್ತು, ಅದರಲ್ಲಿ ಉಪ್ಪನ್ನು ಬದುವಿನ ಕಡೆ ಎಳೆಯುತ್ತಿದ್ದರು. "ಕಣದಲ್ಲಿ ರಾಗಿ ಎಳೆಯೋ ಗ್ವಾರೆ ಅಲ್ವಾ ಇದು!" ಅಂದಳು ಅವ್ವ. ಆಮೇಲೆ ಆಲೆಮನೆಯವಳ ಪ್ರಶ್ನೆ ಬಂತು: "ಹದ ಹೆಂಗವ್ವ ಗೊತ್ತಾಯ್ತದೆ?" ಬೆಲ್ಲದ ಪಾಕವನ್ನು ಇನ್ನೊಂದು ಗಳಿಗೆ ಬಿಟ್ಟರೆ ಕಹಿ, ಬೇಗ ಇಳಿಸಿದರೆ ಅಂಟು. ಉಪ್ಪಿಗೂ ಹಾಗೇ ಅಂತೆ. ಪೂರ್ತಿ ಒಣಗಲು ಬಿಡಬಾರದು. ಕೊನೆಗೆ ಉಳಿಯುವ ನೀರು ಕಹಿ, ಅದನ್ನು ಹೊರಗೆ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಉಪ್ಪೇ ಕಹಿಯಾಗುತ್ತದೆ. ಹೇಗೆ ಗೊತ್ತಾಗುತ್ತದೆ ಅಂದರೆ, "ಕಾಲಿಗೆ ಗೊತ್ತಾಗ್ತದೆ."

ನನ್ನ ಕಾಲಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಫೋಟೋ ತೆಗೆಯಲು ಹಿಂದೆ ಸರಿದವನು ಬದು ಜಾರಿ ಪಾತಿಗೆ ಇಳಿದೆ, ಹಿಮ್ಮಡಿಯ ಒಡಕಿಗೆ ಆ ನೀರು ತಾಗಿದಾಗ ಕಣ್ಣಲ್ಲಿ ನೀರು ಬಂತು, ಅದೂ ಉಪ್ಪೇ. ಸಂಜೆ ಹೊತ್ತಿಗೆ ಪ್ಯಾಂಟಿನ ಅಂಚು ಒಣಗಿ ಹಪ್ಪಳದ ಹಾಗೆ ನಿಂತಿತ್ತು.

ಆಗ ಆ ಹೆಂಗಸು ರಾಶಿಯಿಂದ ಒಂದು ಹಿಡಿ ಎತ್ತಿ ಅವ್ವನ ಕಡೆ ಚಾಚಿದರು. ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ನಮ್ಮಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಬರುತ್ತದೆ ಅಂತ. ತಟ್ಟೆಯಲ್ಲಿ ಇಡಬೇಕು, ಅವರು ತೆಗೆದುಕೊಳ್ಳಬೇಕು. ನನ್ನ ಹೆಂಡತಿ ಮದುವೆಯಾದ ಹೊಸತರಲ್ಲಿ ಒಂದು ಸಲ ಕೈಗೆ ಕೊಡಲು ಹೋಗಿ ಬೈಸಿಕೊಂಡಿದ್ದಳು. ಅವ್ವ ವಿಷಯ ಹೇಳಿದಳು. ಆ ಹೆಂಗಸು ಜೋರಾಗಿ ನಕ್ಕರು. "ಕೈಲಿ ಕೊಡ್ಬಾರ್ದು ಅಂದ್ರೆ ನಾವು ಎಂತ ಮಾಡೂದು ಅಮ್ಮಾ?"

ಅವ್ವ ಒಂದು ಕ್ಷಣ ನಿಂತಳು. ಆಮೇಲೆ ಸೆರಗಿಗೆ ಕೈ ಒರೆಸಿ, ಎರಡೂ ಅಂಗೈ ಸೇರಿಸಿ ಮುಂದೆ ಹಿಡಿದಳು. ಉಪ್ಪು ಇನ್ನೂ ಒದ್ದೆಯಾಗಿತ್ತು, ಬಿಸಿಲಿಗೆ ಬೆಚ್ಚಗಿತ್ತು, ಅಂಗಡಿಯ ಪ್ಯಾಕೆಟ್ಟಿನ ಬಿಳಿ ಅಲ್ಲ, ಸ್ವಲ್ಪ ಬೂದಿ ಬಣ್ಣ, ಕಲ್ಲುಸಕ್ಕರೆಯ ಪುಡಿಯಂಥ ಹರಳು. ಒಂದು ಹರಳು ಬಾಯಿಗೆ ಹಾಕಿಕೊಂಡು, "ಬೆಳೆ ಚೆನ್ನಾಗದೆ" ಅಂದಳು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುವ ಗಾದೆಯನ್ನು ಹೈಸ್ಕೂಲಿನಲ್ಲಿ ಎಷ್ಟು ಸಲ ವಿಸ್ತರಿಸಿ ಬರೆದಿದ್ದೇನೋ. ಒಂದೂವರೆ ಪುಟ ಬರೆದು ಮಾರ್ಕ್ಸೂ ತೆಗೆದುಕೊಂಡಿದ್ದೇನೆ. ಉಪ್ಪಿಗೆ ಸುಗ್ಗಿ ಇದೆ ಅಂತ ಗೊತ್ತಿರಲಿಲ್ಲ. ಅವ್ವನಿಗೆ ಅಪರಿಚಿತರ ಜೊತೆ ಒಂದು ಗಂಟೆ ಮಾತಾಡಲು ಬರುತ್ತದೆ ಅಂತಲೂ ಗೊತ್ತಿರಲಿಲ್ಲ. ಬೆಂಗಳೂರಿನ ನಮ್ಮ ಮನೆಗೆ ಬಂದರೆ ಅವಳು ಟಿವಿ ಮುಂದೆ ಸುಮ್ನೆ ಕೂತಿರುತ್ತಾಳೆ, ಅವಳ ಸ್ವಭಾವವೇ ಹಾಗೆ ಅಂದುಕೊಂಡಿದ್ದೆ.

ಹೊರಡುವಾಗ ಅವ್ವ, ಮಳೆ ಯಾವಾಗ ಅಂತ ಕೇಳಿದಳು. ನಮ್ಮೂರಲ್ಲಿ ಮೇ ತಿಂಗಳಲ್ಲಿ ಎಲ್ಲರೂ ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಆ ಹೆಂಗಸು ಪಡುವಣದ ಕಡೆ ನೋಡಿ, "ಬೇಡ ಅಮ್ಮಾ, ಇನ್ನೊಂದು ಹದಿನೈದು ದಿವಸ ಬೇಡ" ಅಂದರು. ಅವ್ವನಿಗೆ ಇದು ಹೊಸದು. ಮಳೆ ಬೇಡ ಅನ್ನುವ ಬಾಯನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ತುಂಬಿದ ಮೇಲೆ ಅದೇ ಅಘನಾಶಿನಿ ಬಯಲಿನ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ, ಉಪ್ಪುನೀರು ತಡೆದುಕೊಳ್ಳುವ ಭತ್ತ. ಅದರ ಒಂದು ಹಿಡಿ ಬೀಜ ಬೇಕು ಅಂತ ಅವ್ವ ಹಟ ಹಿಡಿದಳು. ನಮ್ಮ ನಾಲೆ ನೀರಿಗೆ ಅದು ಯಾಕೆ ಅಂತ ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ವಾಪಸು ಅಂಕೋಲೆಯಲ್ಲಿ ರೈಲು ಹತ್ತಿದೆವು. ಹೆದ್ದಾರಿ ಬದಿಯಲ್ಲಿ ಕುತ್ತಿಗೆ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಕರಿ ಈಶಾಡು ಮಾವು ಮಾರುತ್ತಿದ್ದರು. 2023ರಲ್ಲಿ ಅದಕ್ಕೆ ಜಿಐ, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ. ಸಿಪ್ಪೆ ಕಾಗದದಷ್ಟು ತೆಳು, ಅದಕ್ಕೇ ದೂರದ ಊರಿಗೆ ಬರುವುದಿಲ್ಲ. ಎರಡು ಡಜನ್ ಕೊಂಡೆವು, ಬೆಂಗಳೂರಿಗೆ ಬಂದದ್ದು ಒಂಬತ್ತು, ಉಳಿದವು ನನ್ನ ಬ್ಯಾಗಿನಲ್ಲಿ ಸೀಕರಣೆಯಾದವು. ಅದೇ ಅಂಕೋಲೆಯಲ್ಲಿ 1930ರ ಏಪ್ರಿಲ್‌ನಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪು ಮಾಡಿ ಕಾನೂನು ಮುರಿದಿದ್ದರು ಅಂತ ಮಗಳು ಫೋನಿನಲ್ಲಿ ನೋಡಿ ಓದಿ ಹೇಳಿದಳು. ಅವ್ವನಿಗೆ ಮದ್ದೂರು ಶಿವಪುರದ ಧ್ವಜ ಸತ್ಯಾಗ್ರಹದ ಕತೆ ಗೊತ್ತು, ದಿನಾ ಬಸ್ಸಿನಲ್ಲಿ ಅದರ ನೆನಪಿನ ಸೌಧದ ಮುಂದೆಯೇ ಓಡಾಡಿದವಳು. "ಬಾವುಟಕ್ಕೆ ಸರಿ. ಉಪ್ಪಿಗೂ ಜೈಲಿಗೋಗಿದ್ರಾ?" ಅಂತ ಕೇಳಿ, ಮಡಿಲಿನಲ್ಲಿದ್ದ ಎರಡು ಕೆಜಿ ಉಪ್ಪಿನ ಚೀಲವನ್ನು ಇನ್ನೂ ಸ್ವಲ್ಪ ಹತ್ತಿರ ಎಳೆದುಕೊಂಡಳು.

ಮೊನ್ನೆ ರಾತ್ರಿ ಊರಿಂದ ಫೋನ್ ಬಂತು. ಒಳ್ಳೆ ಮಳೆಯಂತೆ, ಉಳುಮೆಗೆ ಸಾಕಾಗುವಷ್ಟು. ನಾನು ಖುಷಿಪಟ್ಟೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಅಲ್ಲೂ ಬಂದದಾ? ಆವಮ್ಮ ರಾಶಿ ಒಳಕ್ಕೆ ಸಾಗ್ಸಿದ್ಲೋ ಇಲ್ವೋ. ಫೋನ್ ನಂಬರ್ ಈಸ್ಕೊಂಡಿದ್ಯಾ?"

ನನ್ನ ಫೋನಿನಲ್ಲಿ ಉಪ್ಪಿನ ರಾಶಿಯ ನಲವತ್ತು ಫೋಟೋ ಇವೆ. ನಂಬರ್ ಇಲ್ಲ.

"ಹೆಸ್ರಾದ್ರೂ ಕೇಳಿದ್ಯಾ?"

ಇಲ್ಲ ಅಂದೆ.

"ನಂಗೊತ್ತು ಬಿಡು" ಅಂದು ಫೋನ್ ಇಟ್ಟಳು.

ನಮಸ್ಕಾರ.